ಸಹಾಯ ಬೇಕು: ಹಕ್ಕಿ, ಹಾವು ಗುರುತಿಸಿ ಹೇಳುವವರು (ಮುಂಬೈ ಕಡೆಯ ಮುಲುಂಡ್, ಠಾಣೆ)

ನಮಸ್ಕಾರ. ಸುತ್ತಮುತ್ತ ಕಂಡ ಪ್ರಾಣಿ ಪಕ್ಷಿಗಳ ಸುದ್ದಿ ಹಂಚಿಕೊಳ್ಳಲು ಇಲ್ಲಿನ ಕನ್ನಡಿಗರು ಒಂದು ಗುಂಪು ಮಾಡಿದ್ದೇವೆ. ಠಾಣೆ ಖಾಡಿಗೆ (ಸಮುದ್ರದ ಹಿನ್ನೀರಿಗೆ) ಬರುವ ಫ್ಲೆಮಿಂಗೊಗಳ ಫೋಟೊ ಎಲ್ಲರೂ ಹಾಕುತ್ತಾರೆ. ನಮಗೆ ದಿನನಿತ್ಯದ್ದೂ ಬೇಕು: ಬಾಲ್ಕನಿಯ ದಾಸವಾಳಕ್ಕೆ ಬಂದ ಸೂರಕ್ಕಿ, ಪಾರ್ಕಿಂಗ್‌ನಲ್ಲಿ ಓಡಿದ ಮುಂಗುಸಿ.

ಮೊನ್ನೆ ಒಬ್ಬರು ಅಜ್ಜಿ ಕಾಗೆ ಗೂಡಿನ ಫೋಟೊ ಹಾಕಿದರು. ಕಡ್ಡಿಗಳ ನಡುವೆ ತಂತಿ ಹೆಣೆದಿತ್ತು, ಎಷ್ಟು ಚೆನ್ನಾಗಿತ್ತು! "ಬರೀ ಕಾಗೆನಾ?" ಅಂದರು ಯಾರೋ. ಅಜ್ಜಿ ಮತ್ತೆ ಬರೆಯಲೇ ಇಲ್ಲ. ತುಂಬಾ ಬೇಜಾರಾಯಿತು.

ಹೊಸಬರನ್ನು ಪ್ರೀತಿಯಿಂದ ಮಾತಾಡಿಸಿ, ಹಕ್ಕಿಗಳ ಕನ್ನಡ ಹೆಸರು ಹೇಳಿಕೊಡುವವರು ಬೇಕು. ಹಾವಿನ ಬಗ್ಗೆ ತಿಳಿದವರಂತೂ ಬೇಕೇ ಬೇಕು. ವಿಷವಿಲ್ಲದ ಕೇರೆಹಾವನ್ನೂ ನಾಗರಹಾವು ಅಂತ ಹೊಡೆದುಬಿಡುತ್ತಾರೆ. ಇಲಿ ತಿನ್ನುವುದು ಅದೇ ಅಲ್ವಾ?

ಗೂಡಿರುವ ಜಾಗ ಮಾತ್ರ ಯಾರೂ ಬರೆಯಬಾರದು. ಬಿಡುವಿದ್ದವರು ದಯವಿಟ್ಟು ಇಲ್ಲೇ ತಿಳಿಸಿ.