ನಾಲೆ ನೀರು ಬಿಟ್ರೆ ಸೆಲ್ಲಾರ್ ಗೋಡೆ ಒಸರುತ್ತೆ, ಓದೋ ರೂಮ್ ಮಾಡ್ಬಹುದಾ?

ಮಂಡ್ಯ_ಮನೆ:
ಸೈಟು ರಸ್ತೆಗಿಂತ ತಗ್ಗು ಅಂತ ಅಪ್ಪ ಮಣ್ಣು ತುಂಬಿಸದೆ ಕೆಳಗೆ ಸೆಲ್ಲಾರ್ ಬಿಟ್ಟಿದ್ರು, ಸೈಜುಗಲ್ಲಿನ ಗೋಡೆ, ಒಳಗೆ ಸಿಮೆಂಟ್ ಗಾರೆ. ಮಗಳು ಈಗ ಪಿಯುಸಿ, ಅವಳಿಗೆ ಓದೋಕೆ ಅಲ್ಲೊಂದು ರೂಮ್ ಮಾಡ್ಕೊಡೋ ಆಸೆ. ಆದ್ರೆ ವಿಸಿ (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ರೆ ಸಾಕು, ಮಳೆ ಇಲ್ದಿದ್ರೂ ಗೋಡೆ ಬುಡ ಒದ್ದೆ, ಮೊಣಕಾಲೆತ್ತರಕ್ಕೆ ಪೇಂಟ್ ಗುಳ್ಳೆ ಎದ್ದಿದೆ, ಮುಟ್ಟಿದ್ರೆ ಬಿಳಿ ಪುಡಿ ಉದುರುತ್ತೆ. ಪೇಂಟರ್ ವಾಟರ್‌ಪ್ರೂಫ್ ಪುಟ್ಟಿ ಹಾಕಿದ್ರೆ ಸರಿಹೋಗುತ್ತೆ ಅಂತಾರೆ. ನಂಬ್ಬಹುದಾ?

ಮೈಸೂರು_ಸಿವಿಲ್:
ಪುಟ್ಟಿಗೆ ಒಂದು ರೂಪಾಯೀನೂ ಹಾಕ್ಬೇಡಿ ಸರ್. ಆ ಬಿಳಿ ಪುಡಿ ಉಪ್ಪು, ಗೋಡೆಯೊಳಗಿಂದ ಬಂದ ನೀರು ಆರಿದ ಮೇಲೆ ಉಳಿಯೋದು. ಗೋಡೆ ಆಚೆ 1 ಮೀಟರ್ ಎತ್ತರಕ್ಕೆ ನೀರು ನಿಂತ್ರೆ ಬುಡದಲ್ಲಿ ಚದರ ಮೀಟರಿಗೆ ಸುಮಾರು 1 ಟನ್ ಒತ್ತಡ ಬೀಳುತ್ತೆ, ಅದನ್ನ ಪೇಂಟ್ ತಡೆಯುತ್ತಾ? ಮೊದಲು ನೀರಿಗೆ ದಾರಿ ಮಾಡಿ. ಹೊರಗಡೆ ಪಾಯದ ಮಟ್ಟಕ್ಕೆ ಅಗೆದು ಗೋಡೆಗೆ ವಾಟರ್‌ಪ್ರೂಫ್ ಕೋಟಿಂಗ್, ಬುಡದಲ್ಲಿ ತೂತಿನ ಪೈಪು, ಸುತ್ತ ಜಲ್ಲಿ, ಮಣ್ಣು ನುಗ್ಗದ ಹಾಗೆ ಫಿಲ್ಟರ್ ಬಟ್ಟೆ. ಕಲ್ಲಿನ ಗೋಡೆ, ಹಾಗಾಗಿ ಪೂರ್ತಿ ಉದ್ದ ಒಂದೇ ಸಲ ಅಗೀಬಾರ್ದು, ತುಂಡು ತುಂಡಾಗಿ ಮಾಡ್ಸಿ.

ಕಬ್ಬಿನಗದ್ದೆ:
ಅಣ್ಣ, ನಾಲೆ ಮೇಲೆ ಹಾಕೋ ಮುಂಚೆ ನಿಮ್ಮ ಸಂಪನ್ನೂ ನೋಡಿ. ತುಂಬ್ಸಿ, ಮೋಟರ್ ಆಫ್ ಮಾಡಿ, ಬರೋ ನಲ್ಲೀನೂ ಕಟ್ಟಿ, ಸಂಪಿನ ಗೋಡೆ ಮೇಲೆ ನೀರಿನ ಮಟ್ಟಕ್ಕೆ ಗುರುತು ಹಾಕಿ ಬೆಳಿಗ್ಗೆ ನೋಡಿ, ಇಳಿದಿದ್ರೆ ಸಂಪೇ ಸೋರ್ತಿದೆ. ಇನ್ನೊಂದು, ಸೆಲ್ಲಾರ್ ಗೋಡೆಗೆ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಕಡೆ ಟೇಪ್ ಅಂಟಿಸಿ 2 ದಿನ ಬಿಡಿ. ಹನಿ ಹಾಳೆ ಹಿಂದೆ ಇದ್ರೆ ಗೋಡೆಯಿಂದ ಬರ್ತಿದೆ, ಮುಂದೆ ಇದ್ರೆ ರೂಮಿನ ಗಾಳೀದು, ಅದಕ್ಕೆ ಕಿಟಕಿ ಫ್ಯಾನ್ ಸಾಕು.

ಮಂಡ್ಯ_ಮನೆ:
ಎರಡೂ ಮಾಡ್ದೆ. ಸಂಪು ಚೆನ್ನಾಗಿದೆ, ಹನಿ ಹಾಳೆ ಹಿಂದೇನೇ. ಆದ್ರೆ ಒಂದ್ ಕಡೆ ಪಕ್ಕದ್ಮನೆ ಗೋಡೆ ಅಂಟ್ಕೊಂಡೇ ಇದೆ, ಅಲ್ಲಿ ಅಗಿಯೋಕಾಗಲ್ಲ.

ಮೈಸೂರು_ಸಿವಿಲ್:
ಆ ಕಡೆ ಒಳಗಿಂದಲೇ ಮಾಡ್ಬೇಕು. ಹಳೇ ಗಾರೆ ಪೂರ್ತಿ ಕೆತ್ತಿಸಿ, ಕಲ್ಲಿನ ಸಂದು ಕೆದಕಿ ತುಂಬ್ಸಿ, ಹೊಸ ಗಾರೆ ಮೇಲೆ ಸಿಮೆಂಟ್ ಬೇಸ್ ಇರೋ ವಾಟರ್‌ಪ್ರೂಫ್ ಕೋಟಿಂಗ್ ಎರಡು ಸಲ. ಗೋಡೆ ನೆಲ ಸೇರೋ ಮೂಲೆ ದುಂಡಗೆ ತಿರುಗ್ಸಿ, ಬಹಳ ಕಡೆ ಸೋರೋದೇ ಅಲ್ಲಿ. ನೆಲಕ್ಕೂ ಮಾಡ್ಲೇಬೇಕು, ಗೋಡೆ ಮಾತ್ರ ಮುಚ್ಚಿದ್ರೆ ನೀರು ನೆಲದಲ್ಲಿ ಏಳುತ್ತೆ. ಒಂದು ಮೂಲೇಲಿ ಸಣ್ಣ ಗುಂಡಿ ತೆಗೆದು ಫ್ಲೋಟ್ ಸ್ವಿಚ್ ಪಂಪ್ (ನೀರು ಏರಿದ್ರೆ ತಾನಾಗೇ ಆನ್ ಆಗೋದು) ಇಡಿ, ಇನ್ವರ್ಟರ್ ಲೈನಿಗೆ ಕೊಡಿ. ಕರೆಂಟ್ ಪಾಯಿಂಟ್ ಎಲ್ಲಾ ಸೊಂಟದೆತ್ತರಕ್ಕೆ, ಮಗು ಕೂತ್ಕೊಳ್ಳೋ ಜಾಗ ಅದು.

ಕಬ್ಬಿನಗದ್ದೆ:
ನಾಲೆ ನಿಂತಾಗ ಕೆಲಸ ಮುಗ್ಸಿ, ಮತ್ತೆ ನೀರು ಬಿಟ್ಟ ಮೇಲೆ ಒಂದು ತಿಂಗಳು ಖಾಲಿ ಬಿಟ್ಟು ನೋಡಿ. ಮರದ ಕೆಲಸ, ಪುಸ್ತಕದ ಬೀರು ಎಲ್ಲಾ ಆಮೇಲೆ.