ಕಾಚಂಪುಳಿ, ಬೆಲ್ಲದ ಕಾಫಿ ಮತ್ತು ಇನ್ಸುಲಿನ್ ಸಂವೇದನೆ

ಪ್ರಶ್ನೆ (ಪೊನ್ನಂಪೇಟೆಯಿಂದ)

ನನ್ನ ತಂದೆಯವರಿಗೆ ಕೆಲವು ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದು, ಅದಕ್ಕಾಗಿ ಮೆಟ್‌ಫಾರ್ಮಿನ್ ಮಾತ್ರೆ ಸೇವಿಸುತ್ತಿದ್ದಾರೆ. ಕೊಡಗಿನ ಅಡುಗೆಗೆ ಬಳಸುವ ಹಣ್ಣಿನ ಹುಳಿಯಾದ ಕಾಚಂಪುಳಿಯಿಂದ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆಂದು ಬಂಧುಗಳೊಬ್ಬರು ಹೇಳಿದಂದಿನಿಂದ ಬೆಳಿಗ್ಗೆ ಒಂದು ಚಮಚ ಕಾಚಂಪುಳಿಯನ್ನು ನೀರಿಗೆ ಬೆರೆಸಿ ಕುಡಿಯುತ್ತಿದ್ದಾರೆ. ಕಾಫಿಯೂ ಈ ಕಾಯಿಲೆಗೆ ಒಳ್ಳೆಯದೆಂದು ಓದಿ, ಬೆಲ್ಲದ ಕಾಫಿಯನ್ನು ಮೊದಲಿನಂತೆಯೇ ಕುಡಿಯುತ್ತಾರೆ. ಈ ಮಾತುಗಳಲ್ಲಿ ಎಷ್ಟು ಹುರುಳಿದೆ ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ (ಮಡಿಕೇರಿಯಿಂದ)

ಕಾಚಂಪುಳಿ ತಯಾರಾಗುವ ಹಣ್ಣಿನಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಹೇರಳವಾಗಿದೆ. ದೇಹವು ಸಕ್ಕರೆಯನ್ನು ಕೊಬ್ಬಾಗಿ ಮಾರ್ಪಡಿಸಲು ಬಳಸುವ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆ. ಯಕೃತ್ತಿನಲ್ಲಿ ಕೊಬ್ಬು ಕಡಿಮೆಯಾದರೆ ಇನ್ಸುಲಿನ್‌ಗೆ ಅದು ಸ್ಪಂದಿಸುವ ಬಗೆ ಸುಧಾರಿಸುವುದರಿಂದ, ನಿಮ್ಮ ಬಂಧುಗಳ ಮಾತಿನ ಹಿಂದೆ ಒಂದು ತರ್ಕವಂತೂ ಇದೆ. ಆದರೆ ಆ ತರ್ಕ ಮನುಷ್ಯರಲ್ಲಿ ನಿಂತಿಲ್ಲ. 135 ಜನರ ಮೇಲೆ 12 ವಾರ ನಡೆದು 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಈ ಹಣ್ಣಿನ ಸಾರ ಸೇವಿಸಿದವರ ತೂಕವಾಗಲಿ ಕೊಬ್ಬಾಗಲಿ ಔಷಧವಿಲ್ಲದ ಹುಸಿಗುಳಿಗೆ ನುಂಗಿದವರಿಗಿಂತ ಹೆಚ್ಚೇನೂ ಇಳಿಯಲಿಲ್ಲ. ಪಂದಿ ಕರಿಗೆ (ಹಂದಿಮಾಂಸದ ಸಾರಿಗೆ) ಕೊನೆಯಲ್ಲಿ ಹಾಕುವ ಚಮಚಕ್ಕೆ ಯಾರೂ ಅಂಜಬೇಕಿಲ್ಲ. ಇದೇ ಹಣ್ಣಿನ ಸಾರವಿರುವ ಮಾತ್ರೆಗಳನ್ನು ಮಾತ್ರ ದಯವಿಟ್ಟು ಕೊಳ್ಳಬೇಡಿ, ಅವುಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ದಾಖಲಾಗಿವೆ.

ಉತ್ತರ (ವಿರಾಜಪೇಟೆಯಿಂದ)

ಕಾಫಿಯ ವಿಷಯ ಇನ್ನಷ್ಟು ಜಟಿಲವಾಗಿದೆ. ನೆದರ್‌ಲ್ಯಾಂಡ್ಸ್‌ನ ಸುಮಾರು 17,000 ಜನರನ್ನು ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಏಳು ಲೋಟ ಅಥವಾ ಅದಕ್ಕಿಂತ ಹೆಚ್ಚು ಕುಡಿಯುವವರಿಗೆ ಎರಡು ಲೋಟದೊಳಗೆ ನಿಲ್ಲಿಸುವವರಿಗಿಂತ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಅರ್ಧದಷ್ಟಿತ್ತು. ಕೆಫೀನ್ ತೆಗೆದ ಕಾಫಿಯಲ್ಲೂ ಇಂಥ ಸಂಬಂಧ ಮುಂದೆ ಕಂಡುಬಂದದ್ದರಿಂದ ಸಂಶೋಧಕರ ಗಮನ ಕಾಫಿ ಬೀಜದಲ್ಲಿರುವ ಕ್ಲೋರೋಜೆನಿಕ್ ಆಮ್ಲದತ್ತ ಹೊರಳಿತು. ಅದು ನಮ್ಮ ರೊಬಸ್ಟಾದಲ್ಲಿ ಅರೇಬಿಕಾಗಿಂತ ಹೆಚ್ಚಿದೆ, ಆದರೆ ಬೀಜವನ್ನು ಕಪ್ಪಗೆ ಹುರಿದಷ್ಟೂ ನಾಶವಾಗುತ್ತದೆ. ಕೆಫೀನ್ ಕೂಡ ರೊಬಸ್ಟಾದಲ್ಲೇ ಹೆಚ್ಚು, ಮತ್ತು ಅದು ಕುಡಿದ ಕೆಲವು ಗಂಟೆಗಳ ಮಟ್ಟಿಗೆ ಇನ್ಸುಲಿನ್ ಸಂವೇದನೆಯನ್ನು, ಅಂದರೆ ದೇಹ ಇನ್ಸುಲಿನ್‌ಗೆ ಸ್ಪಂದಿಸುವುದನ್ನು, ತಗ್ಗಿಸುತ್ತದೆ. ಇದಕ್ಕಿಂತ ಮುಖ್ಯವಾದದ್ದು ಬೆಲ್ಲ: ಅದರ ಬಹುಪಾಲು ಸುಕ್ರೋಸ್, ಅಂದರೆ ನಾವು ಬಳಸುವ ಸಕ್ಕರೆಯೇ. ತಂದೆಯವರು ಕಾಫಿ ಬಿಡಬೇಕಾಗಿಲ್ಲ, ಬೆಲ್ಲ ಬಿಟ್ಟರೆ ಸಾಕು.

ಉತ್ತರ (ಸೋಮವಾರಪೇಟೆಯಿಂದ)

ಗಿಡಗಳಿಗೆ ಶಕ್ತಿಯಿಲ್ಲವೆಂದು ಯಾರೂ ಭಾವಿಸಬಾರದು. ಮೆಟ್‌ಫಾರ್ಮಿನ್ನಿನ ಮೂಲವೇ ಯುರೋಪಿನ ಗಲೇಗಾ ಗಿಡದಲ್ಲಿರುವ ಗ್ಯಾಲೆಜಿನ್ ಎಂಬ ರಾಸಾಯನಿಕ. ಮರದರಿಶಿನವೆಂಬ ಔಷಧಿ ಬಳ್ಳಿಯಲ್ಲಿರುವ ಬರ್ಬೆರಿನ್ ಕೂಡ ರಕ್ತದ ಸಕ್ಕರೆಯನ್ನು ಇಳಿಸುತ್ತದೆ. ಆದ್ದರಿಂದಲೇ ಅಂಥ ಗಿಡಗಳ ಕಷಾಯವನ್ನು ಮಾತ್ರೆಗಳ ಜೊತೆಗೆ ವೈದ್ಯರಿಗೆ ತಿಳಿಸದೆ ಕುಡಿಯುವುದು ಅಪಾಯಕರ. ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ ಮಾಡುವ ಮದ್ದುಸೊಪ್ಪಿನ ಪಾಯಸಕ್ಕೂ ಬೆಲ್ಲ ಬೀಳುತ್ತದೆ, ಅಂದು ಒಂದು ಸಣ್ಣ ಬಟ್ಟಲು ಕೊಡಿ.

ಪ್ರಶ್ನೆ ಕೇಳಿದವರಿಂದ

ನಾಳೆಯಿಂದಲೇ ಬೆಲ್ಲವಿಲ್ಲದ ಕಾಫಿ ಕೊಟ್ಟು, ಊಟವಾಗಿ ಎರಡು ಗಂಟೆಯ ಬಳಿಕ ಸಕ್ಕರೆ ಪರೀಕ್ಷಿಸಿ ಬರೆದಿಡುತ್ತೇವೆ. ಬೆಳಗಿನ ಕಾಚಂಪುಳಿಯ ವಿಷಯವನ್ನೂ ವೈದ್ಯರಿಗೆ ತಿಳಿಸುತ್ತೇವೆ.