ತಪ್ಪು ಥೆರಪಿಸ್ಟ್‌ದೇ ಆದರೆ ಫೀಸ್ ಕೊಡಬೇಕಾ?

ತುಂಗೆಯ ದಂಡೆ:
ನಮ್ಮದು ತೀರ್ಥಹಳ್ಳಿ ಕಡೆ. ನನಗೆ ಓಸಿಡಿ ಇದೆ, ಅಂದರೆ ಗೀಳು ಕಾಯಿಲೆ. ಪಂಪ್‌ಸೆಟ್ ಆಫ್ ಮಾಡಿದೆನಾ, ಗ್ಯಾಸ್ ಬಂದ್ ಮಾಡಿದೆನಾ ಅಂತ ಮನೆಗೂ ತೋಟಕ್ಕೂ ಐದಾರು ಸಲ ಓಡುವ ಜಾತಿ ನಾನು. ಹೋದ ಮಳೆಗಾಲದಲ್ಲಿ ಶಿವಮೊಗ್ಗದ ಒಬ್ಬ ಥೆರಪಿಸ್ಟ್ ಹತ್ತಿರ ಹೋಗಲು ಶುರು ಮಾಡಿದೆ. ವಾರಕ್ಕೊಂದು ಸಲ, ಒಂದು ಸಲಕ್ಕೆ 800 ರೂಪಾಯಿ, ಬಸ್ ಚಾರ್ಜು ಬೇರೆ, ಅರ್ಧ ದಿನದ ಕೆಲಸವೂ ಹೋಯಿತು.

ಕೈಗೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳಿ, ಯೋಚನೆ ಬಂದಾಗ ಎಳೆದು ಬಿಡಿ ಅಂದರು. ಜಾಸ್ತಿ ಭಯ ಆದರೆ ಮೆಸೇಜ್ ಮಾಡಿ ಅಂದರು. ಮಾಡಿದಾಗಲೆಲ್ಲ "ಏನೂ ಆಗಿರುವುದಿಲ್ಲ, ನೀವು ಆಫ್ ಮಾಡಿಯೇ ಬಂದಿರುತ್ತೀರಿ" ಅಂತ ಉತ್ತರ ಬರುತ್ತಿತ್ತು. ಹತ್ತು ಸಲ ಹೋದೆ. ಮುಂಚೆ ಸ್ವಿಚ್ ಮಾತ್ರ ನೋಡುತ್ತಿದ್ದೆ, ಈಗ ಸ್ವಿಚ್ಚೂ ನೋಡುತ್ತೇನೆ, ಅವರ ಮೆಸೇಜೂ ನೋಡುತ್ತೇನೆ.

ಹತ್ತನೇ ಸಲ ಅವರೇ "ನಾನು ಹಿಡಿದ ದಾರಿ ಸರಿ ಇರಲಿಲ್ಲ, ಇದಕ್ಕೆ ಬೇರೆ ಕ್ರಮ ಇದೆ, ಮೊದಲೇ ಅದನ್ನು ಶುರು ಮಾಡಬೇಕಿತ್ತು" ಅಂದರು. ಅವತ್ತೂ 800 ತಗೊಂಡರು. ಮುಂದಿನ ವಾರದಿಂದ ಹೊಸ ಕ್ರಮ, ಅದೇ ಫೀಸ್. ಮನುಷ್ಯ ಒಳ್ಳೆಯವರು, ಅದೇ ಕಷ್ಟ ಆಗಿರುವುದು. ದುಡ್ಡು ವಾಪಸ್ ಕೇಳಬಹುದಾ, ಸುಮ್ನೆ ಬಿಡಲಾ?

ಮೈಲುತುತ್ತ:
ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸಿದ ದಿನವೇ ಮಳೆ ಹೊಡೆದು ಎಲ್ಲ ತೊಳೆದು ಹೋದರೂ ಕೂಲಿ ಕೊಡುತ್ತೇವೆ ಅಲ್ವಾ? ಮಳೆ ಅವನ ಕೈಲಿಲ್ಲ. ಆದರೆ ಆ ಔಷಧಿಗೆ, ಅಂದರೆ ಬೋರ್ಡೋ ದ್ರಾವಣಕ್ಕೆ, 100 ಲೀಟರ್ ನೀರು, ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಅನ್ನುವುದು ತೋಟ ಇದ್ದವರಿಗೆಲ್ಲ ಗೊತ್ತು. ಸುಣ್ಣವೇ ಹಾಕದೆ ಹೊಡೆದು ಮರ ಸುಟ್ಟರೆ ಆ ಕೂಲಿ ಯಾವ ಬಾಯಲ್ಲಿ ಕೇಳುತ್ತಾನೆ?

ಹತ್ತು ಸಲ ಹೋದರೂ ಗುಣ ಆಗಲಿಲ್ಲ ಅಂತಷ್ಟೇ ಆಗಿದ್ದರೆ ಅದು ಮಳೆ, ಬಿಡಿ ಅನ್ನುತ್ತಿದ್ದೆ. ನಿಮ್ಮದು ಸುಣ್ಣ ಮರೆತ ಕೇಸು. ನಾನಾಗಿದ್ದರೆ 8000 ಪೂರ್ತಿ ಕೇಳುತ್ತಿದ್ದೆ.

ಕುರ್ಚಿಯ ಈಚೆಯವಳು:
ನಾನು ಇದೇ ಕೆಲಸದಲ್ಲಿರುವವಳು. ಮೈಲುತುತ್ತ ಅವರ ಲೆಕ್ಕ ಮುಕ್ಕಾಲು ಪಾಲು ಒಪ್ಪುತ್ತೇನೆ. ಓಸಿಡಿಗೆ ಮುಖ್ಯ ಥೆರಪಿ ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್, ಇಆರ್‌ಪಿ ಅನ್ನುತ್ತೇವೆ. ಭಯ ಬರಲು ಬಿಡಬೇಕು, ಆದರೆ ವಾಪಸ್ ಹೋಗಿ ನೋಡಬಾರದು, ಯಾರನ್ನೂ ಕೇಳಬಾರದು. ಮೊದಲು ಚಿಕ್ಕ ಭಯ, ಆಮೇಲೆ ದೊಡ್ಡದು. "ಏನೂ ಆಗಿರುವುದಿಲ್ಲ" ಅಂತ ನಾವು ಹೇಳಿದರೆ ಅದೂ ಒಂದು ಚೆಕಿಂಗ್ ಆಗಿಬಿಡುತ್ತದೆ, ಹತ್ತು ನಿಮಿಷ ಹಾಯೆನಿಸಿ ಮತ್ತೆ ಕೇಳಬೇಕು ಅನ್ನಿಸುತ್ತದೆ. ರಬ್ಬರ್ ಬ್ಯಾಂಡ್ ಹಳೇ ಕಾಲದ್ದು. ಹಾಗಾಗಿ ತಪ್ಪು ಹೌದು.

ಆದರೆ ದುಡ್ಡು ಬಿಡುವುದು ಕಂಡಷ್ಟು ಸುಲಭ ಅಲ್ಲ. ಒಂದು ಸಲ ಒಬ್ಬರ ಮನೆ ಕಥೆಯನ್ನು ಇನ್ನೊಬ್ಬರದು ಅಂದುಕೊಂಡು ಇಪ್ಪತ್ತು ನಿಮಿಷ ಮಾತಾಡಿಬಿಟ್ಟೆ. ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ. ಗೊತ್ತಾದ ಕೂಡಲೇ "ಇವತ್ತಿನ ಫೀಸ್ ಬೇಡ" ಅಂದೆ. ಅವರು ಬೈಯಲು ಬಾಯಿ ತೆರೆದವರು ಸುಮ್ಮನಾಗಿಬಿಟ್ಟರು. ಎರಡು ವಾರ ಬಿಟ್ಟು ಬಂದು "ನೀವು ದುಡ್ಡು ಬಿಟ್ಟಿರಿ, ಇನ್ನು ನಾನೇನು ಹೇಳುವುದು ಅನ್ನಿಸಿತು" ಅಂದರು. ಅವರ ಸಿಟ್ಟನ್ನು ನಾನು ದಾಕ್ಷಿಣ್ಯ ಕೊಟ್ಟು ಕೊಂಡುಕೊಂಡಿದ್ದೆ. ಈಗ ಮೊದಲು ಸಿಟ್ಟು ಕೇಳಿಸಿಕೊಳ್ಳುತ್ತೇನೆ, ಫೀಸ್ ಮಾತು ಆಮೇಲೆ.

ನೀವು ಕೇಳಿ. ಆದರೆ ದುಡ್ಡು ಕೊಡಿ ಅಂತಷ್ಟೇ ಅಲ್ಲ, "ಈ ದಾರಿ ಕೆಲಸ ಮಾಡುತ್ತಿಲ್ಲ ಅಂತ ನಿಮಗೆ ಯಾವಾಗ ಗೊತ್ತಾಯಿತು" ಅಂತಲೂ ಅವರನ್ನು ಕೇಳಿ.

ಕೋರ್ಟ್ ರಸ್ತೆ:
ಕಾನೂನಿನ ಎರಡು ಮಾತು. ದುಡ್ಡು ತಗೊಂಡು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಎಲ್ಲರಿಗೂ ಪುಕ್ಕಟೆ ಕೊಡುವ ಕಡೆ ಅದು ಅನ್ವಯಿಸಲ್ಲ. ಅಂದರೆ ಫೀಸ್ ಕೊಟ್ಟಿದ್ದಕ್ಕೇ ನಿಮಗೆ ಕೇಳುವ ಹಕ್ಕು, ರಸೀದಿ ಇಟ್ಟುಕೊಳ್ಳಿ. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು, ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕ ಇಲ್ಲ. 8000ಕ್ಕೆ ಅಷ್ಟು ಓಡಾಟ ಬೇಕಾ, ಅದು ಬೇರೆ ಮಾತು.

ಅದಕ್ಕಿಂತ ಮೊದಲು ಅವರು ಯಾರು ಅಂತ ನೋಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಿದ್ದರೆ 1992ರ ಕಾಯ್ದೆ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ ನೋಂದಣಿ ಇರಬೇಕು. ಆ ನಂಬರ್ ಕೇಳಲು ನಾಚಿಕೆ ಬೇಡ.

ಆಗುಂಬೆ ಮಂಜು:
ಬೇರೆ ಕಡೆ ಹೋಗಿ ಮಾರಾಯ್ರೆ. ದುಡ್ಡಿಗಿಂತ ನಿಮ್ಮ ಹತ್ತು ವಾರ ದೊಡ್ಡದು, ಅದನ್ನು ಯಾರು ವಾಪಸ್ ಕೊಡುತ್ತಾರೆ? ಯಾರೂ ಸಿಗುವ ತನಕ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು.

ತುಂಗೆಯ ದಂಡೆ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಹೋಗಿ ಕೇಳಿದೆ, ಬಸ್ಸಲ್ಲಿ ಕೂತು ಹೇಳಬೇಕಾದ ಮಾತನ್ನು ಇಪ್ಪತ್ತು ಸಲ ಬಾಯಿಪಾಠ ಮಾಡಿದ್ದೆ, ಅಲ್ಲಿ ಒಂದೂ ನೆನಪಾಗಲಿಲ್ಲ. ಯಾವಾಗ ಗೊತ್ತಾಯಿತು ಅನ್ನುವುದೊಂದನ್ನು ಮಾತ್ರ ಕೇಳಿದೆ. ಅವರು ಫೈಲ್ ತೆಗೆದು ನೋಡಿದರು. ಇದು ಉಪಯೋಗ ಆಗುತ್ತಿಲ್ಲ ಅಂತ ಆರನೇ ಸಲಕ್ಕೇ ಅವರೇ ಬರೆದುಕೊಂಡಿದ್ದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮೊದಲ ಆರಕ್ಕೆ ಕೊಡುವುದಿಲ್ಲ, ಆಮೇಲಿನ ನಾಲ್ಕು ನನ್ನ ತಪ್ಪು ಅಂದರು. ನನಗೂ ನ್ಯಾಯ ಅನ್ನಿಸಿತು, ಮೈಲುತುತ್ತ ಅವರು ಒಪ್ಪಲಿಕ್ಕಿಲ್ಲ. ಸದ್ಯಕ್ಕೆ ಅಲ್ಲೇ ಇಆರ್‌ಪಿ ಶುರು ಮಾಡಿದ್ದೇನೆ. ನಾಲ್ಕು ವಾರ ನೋಡುತ್ತೇನೆ, ಆಗದಿದ್ದರೆ ಬೇರೆ ಕಡೆ.

3200 ಫೋನ್‌ಪೇ ಮಾಡಿದರು. ಬಂತಾ ಅಂತ ಬಸ್ ಸ್ಟ್ಯಾಂಡಲ್ಲಿ ಎರಡು ಸಲ ನೋಡಿದೆ. ಮೂರನೇ ಸಲ ಮೊಬೈಲ್ ತೆಗೆದು ಮತ್ತೆ ಜೇಬಿಗೆ ಹಾಕಿಕೊಂಡೆ.